ಮುರ್ತ್ಯಾ ಬಯಲಿಗೆ ಬೆಂಕಿಯ ಅಪ್ಪಣೆ

ಆಲಿಸ್ ಸ್ಪ್ರಿಂಗ್ಸ್
ಮೇ 9, 2013

ವಾನಾಪಿಯ ಮಹಾಜನಗಳೇ,

ಅಂಗಡಿ ಜಗುಲಿಯ ಮೇಲೆ ಕೂತವರೇ, ಅಲ್ಲಿ ಜಾಗ ಸಿಗದೆ ಪೆಟ್ರೋಲ್ ಪಂಪಿಗೆ ಒರಗಿ ನಿಂತವರೇ, ಬಿಸ್ಕತ್ತಿನ ಪೊಟ್ಟಣ ಪರಪರ ಹರಿಯುತ್ತಿರುವ ಮುದುಕರೇ, ಮುದುಕಿಯರೇ, ಎಲ್ಲರೂ ಇತ್ತ ಕಿವಿಗೊಡಿ. ನಾಯಿಗಳನ್ನು ಸುಮ್ಮನಿರಿಸಿ. ಓಬೇದನೇ, ನೀನೂ ಸುಮ್ಮನಿರು. ತಂಗಿ ಯೂನಿಸ್, ಗಂಟಲು ಸರಿ ಮಾಡಿಕೊಂಡು, ಕಾಗದವನ್ನು ಎದೆಯಿಂದ ಒಂದು ಮೊಳ ದೂರ ಹಿಡಿದು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಓದು. ಇದು ನಿನ್ನ ಅಣ್ಣ ಟೈಟಸನ ಕಾಗದ. ಪಿಸುಗುಟ್ಟುವ ಕಾಗದವಲ್ಲ.

ಸುದ್ದಿ ಮೊದಲು, ಅಲಂಕಾರ ಆಮೇಲೆ. ನಾನು ಮನೆಗೆ ಬರುತ್ತಿದ್ದೇನೆ.

ಹೇಗಪ್ಪಾ ಅಂದಿರೋ, ಕೇಳಿ. ನನ್ನ ರಕ್ತ ತೊಳೆಯುವ ಈ ಯಂತ್ರ ನನ್ನನ್ನು ಬಿಟ್ಟಿರಲಾರದು. ಒಂದು ದಿನ ಬಿಟ್ಟು ಒಂದು ದಿನ ನಾನು ಬಂದು ಪಕ್ಕದಲ್ಲಿ ಕೂರಲೇಬೇಕು, ತೋಳಿಗೆ ನಳಿಕೆ ಚುಚ್ಚಿಸಿಕೊಂಡು ಮಧ್ಯಾಹ್ನದವರೆಗೂ ಅದರ ಗೊರಕೆ ಕೇಳಲೇಬೇಕು. ಊರು ಬಿಟ್ಟು ಈ ಪೇಟೆಯಲ್ಲಿ ಎರಡು ಚಳಿಗಾಲ ಹೀಗೇ ಹೋಯಿತು. ಒಂದು ಸಲವಾದರೂ ಊರಿಗೆ ಹೋಗಿಬರುತ್ತೇನೆ ಅಂದರೆ, ನಾಲ್ಕನೇ ದಿನಕ್ಕೆ ಹೆಣವಾಗುತ್ತೀಯ ಅನ್ನುತ್ತಿದ್ದರು. ಈಗ ಹೊಟ್ಟೆಯೊಳಗೆ ಎರಡು ಯಂತ್ರ, ಎರಡು ಕುರ್ಚಿ ಇಟ್ಟುಕೊಂಡ ಒಂದು ದೊಡ್ಡ ಲಾರಿ ಬಂದಿದೆ. ಜುಲೈ ಚಳಿಗೆ ಅದು ವಾನಾಪಿಗೆ ಬಂದು ಚಳಿ ಕಳೆಯುವವರೆಗೂ ಚಿಕಿತ್ಸಾಲಯದ ಮುಂದೆ ನಿಲ್ಲುತ್ತದೆ. ಒಂದು ಕುರ್ಚಿಗೆ ನನ್ನ ಹೆಸರು ಬರೆದಾಗಿದೆ. ಹೊಸ ಹೆಂಡತಿಯನ್ನು ಕರೆತಂದ ಹಾಗೆ ಯಂತ್ರವನ್ನೂ ಕರೆದುಕೊಂಡೇ ಬರುತ್ತೇನೆ. ನೀವೆಲ್ಲ ಬಂದು ಅದರ ಮುಖ ನೋಡಬಹುದು.

ಆದ್ದರಿಂದ ಈಗಲೇ ಒಂದು ಆಜ್ಞೆ. ನಾನು ಬರುವವರೆಗೆ ಮುರ್ತ್ಯಾ ಬಯಲಿಗೆ ಯಾರೂ ಬೆಂಕಿ ಹಚ್ಚಕೂಡದು. ಅದು ನಮ್ಮಪ್ಪನ ನೆಲ, ಅವನಪ್ಪನ ನೆಲ. ಈ ವರ್ಷದ ಮೊದಲ ಬೆಂಕಿ ನನ್ನ ಕೈಯಿಂದಲೇ. ಮಿಷನ್ ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ನಾನು ಕ್ರೂರ ರಾಜನಾಗಿ ಗರ್ಜಿಸಿದಾಗ ಹೊರಗೆ ಕುರಿಮಂದೆ ಬೇಲಿ ಹಾರಿದ್ದು ನಿಮಗೆ ನೆನಪಿದೆಯಲ್ಲ? ಬಯಲಿನ ಅಂಚಿನಲ್ಲಿ ನಿಂತು ಅದೇ ದನಿಯಲ್ಲಿ ನಮ್ಮ ಹಿರಿಯರನ್ನು ಕೂಗುತ್ತೇನೆ, ಆಮೇಲೆ ಹಚ್ಚುತ್ತೇನೆ.

ಮೊನ್ನೆ ಮಾರ್ಗೋ ಎಂಬ ನರ್ಸಮ್ಮ ಸೂಜಿ ಚುಚ್ಚುತ್ತಾ ಕೇಳಿದಳು. "ಊರಲ್ಲಿ ಯಾರಿದಾರೆ ಟೈಟಸ್ ನಿಂಗೆ?"

"ಮುರ್ತ್ಯಾ ಇದೆ."

"ಅದ್ಯಾರು, ಮಗಳಾ?"

"ಅಲ್ಲಮ್ಮ. ಅಂಗೈಯಲ್ಲಿ ಹಿಡಿಸೋ ಪ್ರಾಣಿ. ಬಾಲದ ತುದೀಲಿ ಕಪ್ಪು ಕುಂಚ."

"ಓ, ಇಲಿ."

"ಇಲಿ ಅಂದೀಯ ಜೋಕೆ. ಇಲೀನ ತಿನ್ನೋದು ಅದು. ತಲೆಯಿಂದ ಶುರು ಮಾಡಿ, ಅಂಗಿ ಕಳಚಿದ ಹಾಗೆ ಚರ್ಮ ಕಳಚಿ ಪಕ್ಕಕ್ಕಿಡುತ್ತೆ. ಚೇಳು ಸಿಕ್ಕಿದ್ರೆ ಕೊಂಡಿ ಸಮೇತ. ಕಾಂಗರೂಗೆ ದಾಯಾದಿ ಅನ್ನು, ಆದ್ರೆ ಇದಕ್ಕೆ ಚೀಲ ಹೊಲಿಯೋ ಹೊತ್ತಿಗೆ ದೇವರ ಹತ್ರ ಬಟ್ಟೆ ಮುಗಿದಿತ್ತು. ಮರಿಗಳು ಹೊಟ್ಟೆಗೇ ಕಚ್ಕೊಂಡು ನೇತಾಡ್ತವೆ. ಹಗಲೆಲ್ಲ ಬಿಲ, ಕತ್ತಲಾದ್ರೆ ಬೇಟೆ. ಹುಟ್ಟಿದಾಗಿಂದ ಸಾಯೋವರೆಗೂ ಒಂದು ತೊಟ್ಟು ನೀರು ಕುಡಿಯಲ್ಲ. ತಿಂದದ್ದರಲ್ಲಿ ಇರೋ ರಸವೇ ಸಾಕು."

ಅದಕ್ಕವಳು, "ಹಾಗಾದ್ರೆ ಅದರ ಕಿಡ್ನಿ ಬಲು ಗಟ್ಟಿ ಇರಬೇಕು ಬಿಡು" ಅಂದಳು.

ದಿನಕ್ಕೆ ಇಷ್ಟೇ ನೀರು ಅಂತ ಅಳೆದು ಕೊಡುವ ಲೋಟ ನನ್ನ ಪಕ್ಕದಲ್ಲೇ ಇತ್ತು. ಅದನ್ನು ನೋಡಿದೆ. ಮಾತು ಬದಲಿಸಿದೆ.

ಯೂನಿಸ್, ಬಯಲಿನ ಸುದ್ದಿ ಬರಿ. ಎಷ್ಟು ಬಿಲ, ಯಾವ ಕಡೆ, ಎಲ್ಲ. ಸಭೆ ಮುಗಿಯಿತು. ಇನ್ನು ಬೊಗಳಬಹುದು.

ಟೈಟಸ್


ವಾನಾಪಿ
ಮೇ 24

ಅಣ್ಣಾ,

ನಿನ್ನ ಕಾಗದ ಓದಿದೆ. ಹೊರಗಿನಿಂದ ಬಂದ ಕಾಗದ ಊರಿನದು, ಒಬ್ಬರದಲ್ಲ, ಅದಕ್ಕೇ ಜಗುಲಿ ತುಂಬಿತ್ತು. ನೀನು ಹೇಳಿದ ಹಾಗೇ ಕೂಗಿ ಓದಿದೆ, ಈಗ ಗಂಟಲು ಕೂತಿದೆ. ಓಬೇದ ಏನಂದ ಗೊತ್ತಾ? "ಅವನಿಗೆ ಕಾಗದ ಯಾಕೆ ಬೇಕು, ಅಲ್ಲೇ ನಿಂತು ಕೂಗಿದ್ರೆ ಇಲ್ಲಿಗೆ ಕೇಳ್ತಿತ್ತು, ಅಂಚೆ ವಿಮಾನದ ಎಣ್ಣೆ ಉಳೀತಿತ್ತು."

ಬಯಲಿಗೆ ಹೋಗಿದ್ದೆ. ನೆಲ ಕಾಯೋ ರೇಂಜರ್ ಕೆಲಸದ ಹೆಂಗಸರೆಲ್ಲ ಸೇರಿ ಮರಳಲ್ಲಿ ಬಕೆಟ್ ಹೂತು, ಮೊಳದೆತ್ತರದ ಬಲೆ ಕಟ್ಟಿ ಬಂದಿದ್ದೆವು, ಯಾರ್ಯಾರು ಇನ್ನೂ ಬದುಕಿದಾರೆ ಅಂತ ನೋಡಿ ಬಿಡೋದಕ್ಕೆ. ಬೆಳಿಗ್ಗೆ ಹೋದರೆ ಒಂದು ಬಕೆಟ್ಟಲ್ಲಿ ಮುರ್ತ್ಯಾ. ರಾತ್ರಿಯೆಲ್ಲ ಸುತ್ತು ಹಾಕಿ ಹಾಕಿ ತಳದ ಮರಳಲ್ಲಿ ಗಾಣದ ಹಾದಿ ಮಾಡಿಟ್ಟಿತ್ತು. ನಾವು ಬಗ್ಗಿ ನೋಡಿದಾಗ ಸುತ್ತೋದು ನಿಲ್ಲಿಸಿ, ಕೂತು ಮೀಸೆ ಒರೆಸಿಕೊಳ್ಳೋಕೆ ಶುರು ಮಾಡಿತು, ನಾವೇ ತಡವಾಗಿ ಬಂದೆವು ಅನ್ನೋ ಹಾಗೆ. ಎತ್ತಿಕೊಂಡೆ, ಬೆರಳು ಕಚ್ಚಿತು. ಒಳ್ಳೆ ಹಲ್ಲು. ಬಾಲದ ಬುಡ ದಪ್ಪಗಿತ್ತು, ಚೆನ್ನಾಗಿ ತಿಂದು ಕೊಬ್ಬು ಕೂಡಿಟ್ಟಿದೆ. ಬಿಟ್ಟ ಕೂಡಲೆ ಹುಲ್ಲಿನೊಳಗೆ ಮಾಯ.

ಪೂರ್ವಕ್ಕೂ ಪಶ್ಚಿಮಕ್ಕೂ ಹೊಸ ಬಿಲಗಳಿವೆ. ಆದರೆ ಅಣ್ಣಾ, ಹುಲ್ಲು ಮುದಿಯಾಗಿದೆ. ನೀನು ಪೇಟೆ ಸೇರಿದ ಮೇಲೆ ಒಂದು ಕಡ್ಡಿ ಬೆಂಕಿ ಬಿದ್ದಿಲ್ಲ. ಮುಳ್ಳುಹುಲ್ಲಿನ ಗುಡ್ಡೆಗಳು ಒಂದಕ್ಕೊಂದು ಹೆಣೆದುಕೊಂಡು ನಡುವೆ ಬರಿ ಮರಳೇ ಕಾಣಿಸೋದಿಲ್ಲ. ಬೇಸಿಗೆಯಲ್ಲಿ ಒಂದು ಸಿಡಿಲು ಬಿದ್ದರೆ ಈ ಅಂಚಿಂದ ಆ ಅಂಚಿಗೆ ಓಡುತ್ತೆ, ಯಾರೂ ನಿಲ್ಲಿಸೋಕಾಗಲ್ಲ. ಈಗ ಚಳಿ, ಗಾಳಿ ಮೆತ್ತಗಿದೆ. ಅಲ್ಲೊಂದು ಇಲ್ಲೊಂದು ತೇಪೆ ಹಾಕಿದ ಹಾಗೆ ಸುಟ್ಟರೆ ಬೇಸಿಗೆ ಬೆಂಕಿಗೆ ದಾರಿ ತಪ್ಪುತ್ತೆ, ಮುರ್ತ್ಯಾಗೂ ಅಡಗೋಕೆ ಹಳೆ ಹುಲ್ಲು, ಓಡಾಡೋಕೆ ಬಯಲು, ಎರಡೂ ಇರುತ್ತೆ. ಇದನ್ನ ನನಗೆ ಕಲಿಸಿದ್ದೇ ನೀನು.

ನೆಲದ ಹಿರಿಯ ನೀನು. ನಿನ್ನ ಮಾತಿಲ್ಲದೆ ನಾನು ಕಡ್ಡಿ ಗೀರಲಾರೆ. ಗೀರಿದರೆ ಆಮೇಲೆ ಊರಲ್ಲಿ ಯಾರ ಮಗು ಕೆಮ್ಮಿದರೂ ನನ್ನ ಕಡೆ ನೋಡ್ತಾರೆ. ಜುಲೈಗೆ ಬರ್ತೀಯಲ್ಲ, ಬಾ. ಬರೋದು ತಡವಾದರೆ ಮಾತನ್ನಾದರೂ ಕಳಿಸು.

ಇನ್ನೊಂದು ಸುದ್ದಿ. ಪೂರ್ವದ ಕೇರಿಯ ದೊಡ್ಡಮ್ಮ, ನಿನ್ನ ಹೆಂಡತಿಯ ತಾಯಿ, ಹೆಸರು ಬರೆಯುವುದಿಲ್ಲ, ಅವಳನ್ನೂ ವಿಮಾನದಲ್ಲಿ ಪೇಟೆಗೆ ಒಯ್ದರು. ಅದೇ ರೋಗ. ನಿನ್ನ ಬೀದಿಯಲ್ಲೇ ಇರಬಹುದು, ಕಣ್ಣು ನೆಲದ ಮೇಲಿರಲಿ. ನಿನ್ನ ಮದುವೆಯಾದಾಗಿನಿಂದ ಅವಳು ಬಂದರೆ ನೀನು ಪೊದೆ ಹಿಂದೆ, ನೀನು ಬಂದರೆ ಅವಳು ಕಂಬಳಿಯೊಳಗೆ. ಮುಖ ನೋಡದೆ, ಮಾತಾಡದೆ, ಒಬ್ಬರ ಹೆಸರು ಒಬ್ಬರು ಎತ್ತದೆ ಇಬ್ಬರೂ ಮರ್ಯಾದೆ ಕಾಯ್ದುಕೊಂಡು ಬಂದಿರಿ. ಹೆಂಡತಿ ಹೋದರೂ ಅದು ಹೋಗುವಂಥದ್ದಲ್ಲ. ಪೇಟೆಯಲ್ಲಿ ಪೊದೆ ಎಲ್ಲಿಂದ ತರ್ತೀಯೋ ಕಾಣೆ.

ನಿನಗೆ ಅಂತ ಕಾಂಗರೂ ಬಾಲ ತೆಗೆದಿಟ್ಟಿದೀನಿ, ಅಂಗಡಿಯ ಫ್ರೀಜರಿನಲ್ಲಿದೆ. ಓಬೇದನ ಕಣ್ಣು ಅದರ ಮೇಲಿದೆ.

ಯೂನಿಸ್


ಆಲಿಸ್ ಸ್ಪ್ರಿಂಗ್ಸ್
ಜೂನ್ 18

ಯೂನಿಸ್,

ಈ ಕಾಗದ ಅಂಚೆಗೆ ಹೋಗುವುದಿಲ್ಲ. ನಾಟಕದಲ್ಲಿ ಇದಕ್ಕೆ ಸ್ವಗತ ಅನ್ನುತ್ತಾರೆ. ಪಾತ್ರಧಾರಿ ಒಂದು ಪಕ್ಕಕ್ಕೆ ತಿರುಗಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಡುತ್ತಾನೆ, ಮೊಣಕೈಗೆ ಮೊಣಕೈ ತಾಗಿಸಿ ನಿಂತವನಿಗೆ ಮಾತ್ರ ಏನೂ ಕೇಳಿಸುವುದಿಲ್ಲ. ಬರೆದು, ಮಡಚಿ, ಹರಿದು ಹಾಕುತ್ತೇನೆ.

ಇವತ್ತು ಮಾರ್ಗೋ ಲಾರಿಯ ಒಳಗೆ ಕರೆದೊಯ್ದು ತೋರಿಸಿದಳು. ಎರಡು ಕುರ್ಚಿ. ನಡುವೆ ನಾನು ಕೈ ಚಾಚಿದರೆ ಆ ಕಡೆಯ ಕುರ್ಚಿಯ ತೋಳು ಸಿಗುತ್ತದೆ, ಅಷ್ಟೇ ಅಂತರ. "ಇದು ನಿಂದು, ಅದು ಇವರದು" ಅಂತ ಹೆಸರು ಹೇಳಿಬಿಟ್ಟಳು, ಪಾಪ, ಅವಳಿಗೇನು ಗೊತ್ತು. ಯಾರ ಹೆಸರು ನನ್ನ ಕಿವಿಗೆ ಬೀಳಬಾರದೋ ಅದೇ ಹೆಸರು. ನಾನು ಮೆಟ್ಟಿಲಿಳಿದು ಬಂದುಬಿಟ್ಟೆ.

ಅತ್ತೆಯ ಮಗ್ಗುಲಲ್ಲಿ, ತೋಳಿಗೆ ನಳಿಕೆ ಸಿಕ್ಕಿಸಿಕೊಂಡು, ಎದ್ದು ಹೋಗಲಾರದೆ ಅರ್ಧ ದಿನ ಕೂರುವುದು. ಒಂದು ದಿನ ಬಿಟ್ಟು ಒಂದು ದಿನ. ಅದಕ್ಕಿಂತ ಬಟ್ಟೆ ಬಿಚ್ಚಿ ಅಂಗಡಿ ಜಗುಲಿಯ ಮೇಲೆ ನಿಲ್ಲುವುದು ಸುಲಭ.

ಹೀಗೆ ಹೀಗೆ ಅಂತ ಮಾರ್ಗೋಗೆ ಹೇಳಿದರೆ ಏನಾಗುತ್ತದೆ? ಇಬ್ಬರಲ್ಲಿ ಒಬ್ಬರನ್ನು ತೆಗೆಯುತ್ತಾರೆ. ಆಕೆ ಹೊಸಬಳು, ಮುಂದಿನ ಸಲ ಬರಲಿ ಅನ್ನುತ್ತಾರೆ. ಆಕೆ ಆ ಕಡೆಯ ವಾರ್ಡಿನಲ್ಲಿದ್ದಾಳಂತೆ. ಊಟ ಮುಟ್ಟುವುದಿಲ್ಲವಂತೆ, ಬೆಳಗಾದರೆ ಊರಿನ ಗುಡ್ಡ ಯಾವ ಕಿಟಕಿಯಲ್ಲಿ ಕಾಣುತ್ತದೆ ಅಂತ ಕೇಳುತ್ತಾಳಂತೆ. ಈ ಗೋಡೆಗಳ ನಡುವೆ ಮೊದಲ ತಿಂಗಳು ಹೇಗಿರುತ್ತದೆ ಅನ್ನುವುದು ನನಗೆ ಗೊತ್ತಿದೆ. ಹಾಗಾಗಿ, ನನಗೆ ಬರುವ ಮನಸ್ಸಿಲ್ಲ ಅಂದುಬಿಟ್ಟೆ. ಮಾರ್ಗೋ ನನ್ನ ಮುಖವನ್ನೇ ನೋಡಿದಳು. ವೇಷ ಹಾಕಿ ಅಭ್ಯಾಸವಿದ್ದದ್ದು ಒಳ್ಳೆಯದಾಯಿತು.

ನಿನಗೆ ಕಾರಣ ಬರೆದೆನೋ, ನೀನು ಜಗುಲಿಯ ಮೇಲೆ ನಿಂತು ಓದುತ್ತೀ. ಆಕೆಯ ಹೆಣ್ಣುಮಕ್ಕಳು ಕೇಳುತ್ತಾರೆ. ಅಳಿಯನ ಕುರ್ಚಿ ಕಿತ್ತುಕೊಂಡೆ ಅನ್ನುವ ಮಾತು ಆಕೆಗೆ ಮುಟ್ಟಿದರೆ, ನಾಚಿಕೆಗೆ ಆಕೆ ಲಾರಿಯಿಂದ ಇಳಿದುಬಿಡುತ್ತಾಳೆ. ಆಗ ಎರಡೂ ಕುರ್ಚಿ ಖಾಲಿ.

ಬೆಂಕಿಯ ಮಾತನ್ನಾದರೂ ಕಳಿಸಬಹುದಲ್ಲ ಅನ್ನುತ್ತೀಯ. ನಾಲ್ಕು ಸಲ ಬರೆದೆ ಯೂನಿಸ್, ನಾಲ್ಕೂ ಸಲ ಹೊಡೆದು ಹಾಕಿದೆ. ಬಯಲು ನಾನಿಲ್ಲದೆ ಸುಟ್ಟು, ನಾನಿಲ್ಲದೆ ಚಿಗುರಿದರೆ, ಆಮೇಲೆ ನಾನು ಯಾತಕ್ಕೆ? ಇಲ್ಲಿ ನನ್ನ ನೀರು ಅವರ ಕೈಯಲ್ಲಿ, ಉಪ್ಪು ಅವರ ಕೈಯಲ್ಲಿ, ರಕ್ತವೂ ಅವರ ಕೈಯಲ್ಲಿ. ಬೆಂಕಿಯ ಅಪ್ಪಣೆ ಒಂದೇ ನನ್ನ ಬಾಯಲ್ಲಿ ಉಳಿದಿರುವುದು. ಅದನ್ನೂ ಕೊಟ್ಟುಬಿಟ್ಟರೆ ಆ ಕುರ್ಚಿಯಲ್ಲಿ ಕೂತಿರುವವನು ಯಾರೂ ಅಲ್ಲ.

ಬಕೆಟ್ಟಿನಲ್ಲಿ ಸುತ್ತಿತ್ತಲ್ಲ ನಿನ್ನ ಮುರ್ತ್ಯಾ, ಅದಕ್ಕೆ ಬೆಳಿಗ್ಗೆ ಬಗ್ಗಿ ನೋಡುವವರಾದರೂ ಇದ್ದರು.


ಆಲಿಸ್ ಸ್ಪ್ರಿಂಗ್ಸ್
ಜೂನ್ 20

ವಾನಾಪಿಯ ಮಹಾಜನಗಳೇ,

ನಿರಾಶರಾಗಬೇಡಿ. ಪೇಟೆಯವರು ನನ್ನನ್ನು ಬಿಡಲೊಲ್ಲರು. ಯಂತ್ರಕ್ಕೆ ಹೊಸದಾಗಿ ಬಂದವರು ಹೆದರಿ ಅಳುತ್ತಾರೆ, ಅವರಿಗೆ ಧೈರ್ಯ ಹೇಳಲು ನನ್ನಂಥ ದನಿ ಇನ್ನೊಂದಿಲ್ಲ ಅಂತ ಡಾಕ್ಟರೇ ಕೈಮುಗಿದರು. ಹೀಗಾಗಿ ಈ ಜುಲೈ ಲಾರಿಯಲ್ಲಿ ನಾನು ಬರುವುದಿಲ್ಲ. ಮುಂದೆ ಯಾವಾಗಲಾದರೂ ಬರುತ್ತೇನೆ.

ಮುರ್ತ್ಯಾ ಬಯಲಿನ ಆಜ್ಞೆ ಹಾಗೇ ಇದೆ. ನಾನು ಬರುವವರೆಗೆ ಯಾರೂ ಹಚ್ಚಬೇಡಿ.

ಕಾಂಗರೂ ಬಾಲ ಓಬೇದನಿಗೆ ಕೊಟ್ಟುಬಿಡು.

ಟೈಟಸ್


ವಾನಾಪಿ
ಜುಲೈ 19

ಟೈಟಸ್,

ನಿನ್ನ ಕಾಗದವನ್ನು ಜಗುಲಿಯಲ್ಲಿ ಅರ್ಧ ಓದಿದೆ. ಡಾಕ್ಟರು ಕೈಮುಗಿದರು ಅನ್ನೋ ಕಡೆ ಮುದುಕಿಯರು ಬಿಸ್ಕತ್ತಿನ ಪೊಟ್ಟಣ ಮಡಚಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಲಾರಿ ಬಂತು. ಊರಿಗೆ ಊರೇ ಹೋಗಿ ನಿಂತಿತ್ತು. ದೊಡ್ಡಮ್ಮ ಇಳಿದಳು, ಅವಳ ಮಕ್ಕಳು ತಬ್ಬಿಕೊಂಡು ಅತ್ತರು. ಒಳಗೆ ಇಣುಕಿ ನೋಡಿದೆ. ಇನ್ನೊಂದು ಕುರ್ಚಿ ಖಾಲಿ. ಡ್ರೈವರನ್ನ ಕೇಳಿದೆ, "ಯಾರ್ದಿದು?"

"ಟೈಟಸಂದು. ಬರಲ್ಲ ಅಂದ್ನಂತೆ. ಇಷ್ಟ ಇಲ್ವಂತೆ."

ಇಷ್ಟ ಇಲ್ಲ. ಬೇರೆ ಊರಿನವರೆಲ್ಲ ಆಸೆಪಡೋ ಕುರ್ಚಿ, ಈ ರೋಗಕ್ಕೆ ಪೇಟೆ ಸೇರಿದ ನಮ್ಮೂರವರು ನೀವಿಬ್ಬರೇ ಅಂತ ಗೊತ್ತಿದ್ದೂ ಅದನ್ನ ಖಾಲಿ ಕಳಿಸಿದೀಯ. ಜಗುಲಿಯಲ್ಲಿ ಏನೇನು ಮಾತು ಅಂತ ನಿನಗೆ ಗೊತ್ತಾಗಲಿ. ಪೇಟೆಯ ಒಣ ನದಿಯಲ್ಲಿ ಕೂತು ಕುಡೀತಾನೆ ಅಂತ ಒಬ್ಬರು. ಇಸ್ಪೀಟು ಅಂತ ಇನ್ನೊಬ್ಬರು. ಯಾವಳೋ ಪೇಟೆಯವಳು ಅಂತ ಓಬೇದ. ನಾನು ಎಲ್ಲರ ಮೇಲೂ ಹಾರಾಡಿದೆ. ಮನೆಗೆ ಬಂದು ನಾನೂ ಅದನ್ನೇ ಯೋಚಿಸಿದೆ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಬೇರೆ. ನಿನ್ನ ಆ ಖಾಲಿ ಕುರ್ಚಿಗೆ ದೊಡ್ಡಮ್ಮ ತನ್ನ ಕಂಬಳಿ ಹೊದಿಸಿದಾಳೆ, ತಲೆಯಿಂದ ಕಾಲಿನವರೆಗೆ, ಹೆಣಕ್ಕೆ ಹೊದಿಸಿದ ಹಾಗೆ. ಚಳಿಗೆ ನಡುಗಿದರೂ ತೆಗೆಯಲ್ಲ. ನೀನು ಸತ್ತೆ ಅಂತ ಅವಳ ಲೆಕ್ಕ ಇರಬೇಕು. ನಾನು ಏನು ಹೇಳಲಿ, ಹಿರಿಯಳು.

ಬಯಲಿನ ಸುದ್ದಿ ನಿನಗೆ ಬೇಕೋ ಬೇಡವೋ, ಬರೀತೀನಿ. ಮೊನ್ನೆ ಬೆಳಿಗ್ಗೆ ಮರಳ ಮೇಲೆ ಮಂಜು ಗಟ್ಟಿಯಾಗಿತ್ತು. ಬಕೆಟ್ಟಲ್ಲಿ ಮುರ್ತ್ಯಾ ಕಟ್ಟಿಗೆ ಹಾಗೆ ಸೆಟೆದು ಬಿದ್ದಿತ್ತು. ತಣ್ಣಗೆ, ಕಣ್ಣು ಮುಚ್ಚಿ. ಸತ್ತಿದೆ ಅಂತ, ನಮ್ಮ ಗಾಡಿ ಓಡಿಸೋಕೆ ಬಂದಿದ್ದ ಓಬೇದ ಬಾಲ ಹಿಡಿದು ಎತ್ತೋಕೆ ಹೋದ. "ಬಿಡೋ, ಚಳಿಗೆ ಬೆಂಕಿ ಆರಿಸಿಕೊಂಡು ಮಲಗಿದೆ" ಅಂದೆ. ಎದೆಗೆ ಸೇರಿಸಿ ಬಿಸಿಲಿಗೆ ಬೆನ್ನು ಕೊಟ್ಟು ಕೂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೀಸೆಯೊಂದು ಅಲುಗಿತು, ಆಮೇಲೆ ಮೈಯೆಲ್ಲ ಗಡಗಡ ನಡುಗೋಕೆ ಶುರುವಾಯಿತು, ಹಾಗೆ ನಡುಗಿ ನಡುಗಿಯೇ ಬಿಸಿಯಾಯಿತು. ತಿರುಗಿಸಿ ನೋಡಿದರೆ ಹೊಟ್ಟೆಯಲ್ಲಿ ಮರಿ. ಕೆಂಪು ಕಾಳಿನ ಹಾಗೆ, ಸಾಲಾಗಿ ಕಚ್ಚಿಕೊಂಡಿವೆ. ತಾಯಿ ತಣ್ಣಗಾಗಿದ್ದರೂ ಒಂದೂ ಬಾಯಿ ಬಿಟ್ಟಿಲ್ಲ.

ಇವಕ್ಕೋಸ್ಕರ ಕೇಳ್ತಿದೀನಿ, ನಿನಗೋಸ್ಕರ ಅಲ್ಲ. ಚಳಿ ಇನ್ನು ಸ್ವಲ್ಪವೇ ದಿನ. ಆಮೇಲೆ ಗಾಳಿ ಏಳುತ್ತೆ, ಆಗ ಹಚ್ಚೋಕಾಗಲ್ಲ. ಒಂದು ಮಾತು ಹೇಳು. ಸುಡಲಾ, ಬೇಡವಾ?

ಯೂನಿಸ್


ಆಲಿಸ್ ಸ್ಪ್ರಿಂಗ್ಸ್
ಆಗಸ್ಟ್ 2

ಯೂನಿಸ್,

ಬೇಡ. ನಾನು ಬರುವವರೆಗೆ ಬೇಡ.

ಕುಡಿಯುತ್ತೇನೆ ಅಂದವರಿಗೆ ಹೇಳು, ನನಗೆ ನೀರು ಕುಡಿಯುವುದಕ್ಕೇ ಅಪ್ಪಣೆಯಿಲ್ಲ. ಕುರ್ಚಿಗೆ ಕಂಬಳಿ ಹೊದಿಸಿದವರ ಬಗ್ಗೆ ನಿನ್ನ ಬಾಯಿಂದಾಗಲಿ, ಬೇರೆಯವರ ಬಾಯಿಂದಾಗಲಿ ಒಂದು ಮಾತೂ ಬರಕೂಡದು. ಇದನ್ನು ಜಗುಲಿಯಲ್ಲಿ ಓದಬೇಡ.

ಟೈಟಸ್


ವಾನಾಪಿ
ಸೆಪ್ಟೆಂಬರ್ 6

ಅಣ್ಣಾ,

ಎಲ್ಲಿಂದ ಶುರು ಮಾಡಲಿ ಗೊತ್ತಾಗ್ತಿಲ್ಲ.

ಈ ಸಲ ಗಾಳಿ ಬೇಗ ಎದ್ದಿತು. ಮಳೆಯಿಲ್ಲದ ಮೋಡ ಬಂದು ಸಿಡಿಲು ಮಾತ್ರ ಉದುರಿಸಿ ಹೋಯಿತು. ಬಯಲಿನ ಪಶ್ಚಿಮದ ಅಂಚಿಗೆ ಹೊತ್ತಿಕೊಂಡಿತು. ಹೊಗೆ ಕಂಡ ಕೂಡಲೆ ಬೆಂಕಿ ಬಡಿಯೋಕೆ ಕೊಂಬೆ ಹಿಡಿದು ಗಾಡಿಯಲ್ಲಿ ಹೋದೆವು, ಆದರೆ ಆ ಮುದಿ ಹುಲ್ಲು ಎಣ್ಣೆ ಕುಡಿದ ಹಾಗೆ ಉರೀತಿತ್ತು, ಹತ್ತಿರ ನಿಲ್ಲೋಕಾಗಲಿಲ್ಲ. ಗಾಡಿ ಓಡೋ ಹಳೆ ಮಣ್ಣಿನ ಟ್ರಾಕಿನ ತನಕ ಬಂದು, ಗಾಳಿ ತಿರುಗಿ, ತಾನಾಗಿ ನಿಂತಿತು. ಪಶ್ಚಿಮದ ಭಾಗ ಪೂರ್ತಿ ಹೋಯಿತು. ಪೂರ್ವದ ಭಾಗ ಇನ್ನೂ ಇದೆ.

ಮಾರನೇ ದಿನ ಹೋದೆ. ಮುರ್ತ್ಯಾಗಳು ಬೆಂಕಿಗೆ ಸತ್ತಿರಲಿಲ್ಲ. ಬಿಲದ ಆಳದಲ್ಲಿ ತಣ್ಣಗಿದ್ದವು, ಕತ್ತಲಾದ ಮೇಲೆ ಹೊರಗೆ ಬಂದಿದ್ದವು. ಬೂದಿಯ ಮೇಲೆ ಹೆಜ್ಜೆ ಅಷ್ಟು ಚೆಂದ ಮೂಡಿತ್ತು. ಆದರೆ ಅಡಗೋಕೆ ಒಂದು ಕಡ್ಡಿಯೂ ಇಲ್ಲ. ಒಂದು ಹೆಜ್ಜೆಯ ಸಾಲು ಹಿಡಿದು ಹೋದೆ, ಬಿಲದಿಂದ ಒಂದಿಷ್ಟು ದೂರ, ಅಲ್ಲಿ ಬೆಕ್ಕಿನ ಹೆಜ್ಜೆ ಬಂದು ಸೇರಿದೆ, ಆಮೇಲೆ ಬೆಕ್ಕಿನದು ಮಾತ್ರ ಮುಂದೆ ಹೋಗಿದೆ. ಇನ್ನೊಂದು ಸಾಲು ಹಿಡಿದೆ. ಅಲ್ಲೂ ಹಾಗೇ. ಕಾಡುಬೆಕ್ಕುಗಳಿಗೆ ಹೊಗೆ ಕಂಡರೆ ಊಟದ ಗಂಟೆ ಹೊಡೆದ ಹಾಗೆ, ಎಲ್ಲೆಲ್ಲಿಂದಲೋ ಬಂದಿವೆ. ಹೆಂಗಸರೆಲ್ಲ ಸೇರಿ ಎರಡು ಬೆಕ್ಕು ಅಟ್ಟಿಸಿ ಹೊಡೆದೆವು, ಸುಟ್ಟು ತಿಂದೆವು. ಕೊಯ್ಯುವಾಗ ಒಂದರ ಹೊಟ್ಟೆಯಲ್ಲಿ ಕಪ್ಪು ಕುಂಚದ ಬಾಲ ಸಿಕ್ಕಿತ್ತು. ಅದನ್ನ ಬಿಲದ ಬಾಯಲ್ಲಿ ಹೂತು ಬಂದೆ.

ಅವತ್ತು ನಿನಗೆ ಬರೆಯೋಕೆ ಕೂತಿದ್ದರೆ ಏನೇನು ಬರೀತಿದ್ದೆನೋ. ಬರೆಯಲಿಲ್ಲ, ಒಳ್ಳೇದಾಯಿತು.

ಯಾಕೆಂದರೆ ನಿನ್ನೆ ದೊಡ್ಡಮ್ಮ ತನ್ನ ಬೆಂಕಿಯ ಹತ್ತಿರ ಕೂತಿದ್ದಳು. ನಾನು ಚಹಾ ಕೊಡೋಕೆ ಹೋಗಿದ್ದೆ. ನನ್ನ ಕಡೆ ತಿರುಗಲಿಲ್ಲ, ತನ್ನ ಕುಂಟ ನಾಯಿಗೆ ಹೇಳೋಕೆ ಶುರು ಮಾಡಿದಳು. ನಿನ್ನ ವಿಷಯ ನೇರವಾಗಿ ಆಡಬಾರದಲ್ಲ, ಅದಕ್ಕೆ.

"ಲೇ ಕುಂಟ, ಕೇಳಿಲ್ಲಿ. ಆ ಕುರ್ಚಿ ಯಾಕೆ ಖಾಲಿ ಅಂತ ಈ ಊರಿನ ಜಾಣರಿಗೆ ಗೊತ್ತಿಲ್ಲ. ನಂಗೊತ್ತು. ದಾರೀಲಿ ಆ ಡ್ರೈವರು ಹೆಸರು ಹೇಳಿಬಿಟ್ಟ. ಹೇಳಬಾರದ ಹೆಸರು. ಆ ಮನುಷ್ಯ ಬರಲ್ಲ ಅಂದದ್ದು ನನಗೋಸ್ಕರ. ಆ ಕುರ್ಚಿ ಅವನದು, ನಾನು ನೋಡಬಾರದು, ಅದಕ್ಕೆ ಕಂಬಳಿ ಹೊದಿಸಿಟ್ಟೆ. ಹೆಣಕ್ಕೆ ಹೊದಿಸಿದೀನಿ ಅಂತ ಒಬ್ಬಳು ಊರೆಲ್ಲ ಹೇಳ್ಕೊಂಡು ತಿರುಗ್ತಾಳಂತಲ್ಲ, ಅವಳಿಗೆ ಬುದ್ಧಿ ಯಾವಾಗ ಬರುತ್ತೋ ಕೇಳು."

ಆ ಒಬ್ಬಳು ನಾನೇ, ಚಹಾದ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

"ಇನ್ನೂ ಕೇಳು ಕುಂಟ. ನಾನು ಹುಡುಗಿಯಾಗಿದ್ದಾಗ, ಎಲ್ಲ ಕಡೆ ಒಣಗಿ, ನೀರು ಒಂದೇ ಗುಂಡೀಲಿ ಉಳಿದಿತ್ತು. ಅತ್ತೆಯಂದಿರೂ ಅಲ್ಲೇ, ಅಳಿಯಂದಿರೂ ಅಲ್ಲೇ. ಎಲ್ಲಿಗೆ ಹೋಗೋದು? ಬೆನ್ನಿಗೆ ಬೆನ್ನು ಮಾಡಿ ಕೂತರು. ನಾನು ಕಣ್ಣಾರೆ ನೋಡಿದೀನಿ. ಯಾರ ಮರ್ಯಾದೇನೂ ಹೋಗಲಿಲ್ಲ. ಬಾಯಿ ಮಾತ್ರ ಬಿಡ್ತಿರಲಿಲ್ಲ. ಒಂದು ಕೆಮ್ಮೂ ಇಲ್ಲ. ಈ ಲಾರಿಯೂ ಅಂಥದೇ ಗುಂಡಿ ಅಂದ್ಕೊಂಡ್ರಾಯ್ತು. ನನಗೆ ಕಂಬಳಿ ಇದೆ, ಗೋಡೆ ಕಡೆ ತಿರುಗಿಸೋಕೆ ಕುರ್ಚಿಗೆ ಚಕ್ರ ಇದೆ. ಆದ್ರೆ ಆ ಮನುಷ್ಯನ ದನಿ ಕಿವಿಗೆ ಬಿತ್ತೋ, ನಾನು ಅವತ್ತೇ ನಳಿಕೆ ಕಿತ್ತುಕೊಂಡು ಎದ್ದು ಹೋಗ್ತೀನಿ. ಅವನಿಗೆ ಬಾಯಿ ಮುಚ್ಕೊಂಡಿರೋಕಾಗುತ್ತಾ ಕೇಳು ಕುಂಟ."

ನಾಯಿ ಕಿವಿ ಕೆರೆದುಕೊಂಡಿತು. ನಾನು ಚಹಾ ಕೆಳಗಿಟ್ಟೆ. ನಮ್ಮಿಬ್ಬರಿಗೂ ನಿನ್ನ ಬಗ್ಗೆ ಗೊತ್ತಿದೆ.

ಲಾರಿ ಸಾಮಾನು ತುಂಬಿಕೊಳ್ಳೋಕೆ ಪೇಟೆಗೆ ಬರುತ್ತೆ, ದೊಡ್ಡಮ್ಮನೂ ಅದರಲ್ಲೇ ಬರ್ತಾಳೆ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಮತ್ತೆ ಇತ್ತ ಹೊರಡುತ್ತೆ, ಸೆಕೆಗೆ ಮುಂಚೆ ಕೊನೆಯ ಸಲ. ನಿನ್ನ ಕುರ್ಚಿ ಇನ್ನೂ ಖಾಲಿ ಇದೆ.

ಆದರೆ ಬಯಲು ಅಲ್ಲಿಯವರೆಗೆ ಕಾಯುತ್ತೆ ಅಂತ ಹೇಳಲಾರೆ. ಬೆಳಗಿನ ಹೊತ್ತು ಇನ್ನೂ ಸ್ವಲ್ಪ ತಂಪಿದೆ, ಗಾಳಿ ಮಲಗಿರುತ್ತೆ. ಟ್ರಾಕಿನ ಈಚೆ ಒಂದು ಪಟ್ಟಿ ಸುಟ್ಟು, ಪೂರ್ವದ ಹುಲ್ಲನ್ನು ಮೂರು ನಾಲ್ಕು ತೇಪೆಯಾಗಿ ಬಿಡಿಸಿದರೆ, ಉಳಿದಿರೋ ಮುರ್ತ್ಯಾಗಳಿಗೆ ಅದೇ ಮನೆ. ಮರಿಗಳು ಈಗ ಬಿಲ ಬಿಟ್ಟು ಹೊರಗೆ ಬರೋ ಕಾಲ. ಇನ್ನೊಂದು ಸಿಡಿಲು ಬಿದ್ದರೆ ನೀನು ಬಂದು ಹಚ್ಚೋಕೆ ಏನೂ ಉಳಿದಿರಲ್ಲ. ನಾನು ನಿನ್ನ ಬೈದದ್ದಕ್ಕೆಲ್ಲ ಆಮೇಲೆ ನೀನು ನನ್ನ ಬೈ, ಜಗುಲಿಯ ಮೇಲೆ ನಿಂತು ಊರಿಗೆಲ್ಲ ಕೇಳೋ ಹಾಗೆ ಬೈ. ಈಗ ಮಾತ್ರ ಹೇಳು.

ಯೂನಿಸ್


ಆಲಿಸ್ ಸ್ಪ್ರಿಂಗ್ಸ್
ಸೆಪ್ಟೆಂಬರ್ 18

ವಾನಾಪಿಯ ಮಹಾಜನಗಳೇ,

ಇದು ಕೂಗಿ ಓದಬೇಕಾದ ಕಾಗದ. ಯೂನಿಸ್, ಜಗುಲಿಯ ಮೇಲೆ ಹತ್ತಿ ನಿಲ್ಲು. ಓಬೇದ ಸಾಕ್ಷಿಯಾಗಿ ಪಕ್ಕದಲ್ಲಿ ನಿಲ್ಲಲಿ. ಈಗ ಓದುವುದನ್ನು ಎಲ್ಲರೂ ಕೇಳಿಸಿಕೊಳ್ಳಿ, ನಾಳೆ ಯಾರ ಮಗು ಕೆಮ್ಮಿದರೂ ನನ್ನ ತಂಗಿಯ ಕಡೆ ನೋಡಬೇಡಿ.

ಮುರ್ತ್ಯಾ ಬಯಲಿನ ಹಿರಿಯನಾದ ಟೈಟಸ್ ಹೇಳುತ್ತಿದ್ದೇನೆ. ಹಚ್ಚಿ. ನಾನು ಬರುವವರೆಗೆ ಕಾಯಬೇಡಿ. ಈ ಕಾಗದ ಓದಿದ ಮರುದಿನ ಬೆಳಿಗ್ಗೆಯೇ, ಗಾಳಿ ಏಳುವ ಮೊದಲು ಹಚ್ಚಿ. ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಅನ್ನುವುದು ಯೂನಿಸಳ ಕಣ್ಣಿಗೆ ಬಿಟ್ಟದ್ದು. ಹಿರಿಯರನ್ನು ಅವಳೇ ಕೂಗಲಿ. ಅವಳ ದನಿ ಸಣ್ಣದು, ಆದರೆ ಅವರ ಕಿವಿ ಚುರುಕು. ಈ ವರ್ಷ ಮಾತ್ರವಲ್ಲ. ಮುಂದಿನ ಚಳಿಗೂ, ಅದರ ಮುಂದಿನ ಚಳಿಗೂ ನನ್ನನ್ನು ಕೇಳಿ ಕಾಗದ ಬರೆಯಬೇಡಿ. ಅಪ್ಪಣೆ ಇನ್ನು ಅವಳ ಬಾಯಲ್ಲಿದೆ.

ಓದಿದೆಯಾ ಯೂನಿಸ್? ಇನ್ನು ಮುಂದಿನದು ನಿನಗೊಬ್ಬಳಿಗೆ. ನೀರು ಕುಡಿ. ನನ್ನ ಪಾಲಿನದನ್ನೂ ಕುಡಿ.

ಪಶ್ಚಿಮದ ಭಾಗದ ವಿಷಯ ಓದಿದ ದಿನ ನಾನು ಯಂತ್ರದ ಪಕ್ಕದಲ್ಲಿದ್ದೆ. ನಳಿಕೆ ಚುಚ್ಚಿದ ಮೇಲೆ ಎದ್ದು ಹೋಗುವ ಹಾಗಿಲ್ಲ, ಎದ್ದು ಹೋಗಿ ಒಂದು ಗಿಡಕ್ಕಾದರೂ ಒದ್ದು ಬರೋಣ ಅಂದರೆ ಆಗುವುದಿಲ್ಲ. ನಿನ್ನ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಬೂದಿಯ ಮೇಲೆ ಆ ಹೆಜ್ಜೆ ಎಲ್ಲಿಗೆ ಹೋಗಿ ನಿಂತಿತು ಅಂತ ಮತ್ತೆ ಮತ್ತೆ ಓದುತ್ತಾ ಅಷ್ಟು ಹೊತ್ತೂ ಅಲ್ಲೇ ಕೂತಿದ್ದೆ. ಮೊದಲ ಬೆಂಕಿ ನನ್ನ ಕೈಯಿಂದಲೇ ಆಗಬೇಕು ಅಂತ ಹಟ ಹಿಡಿದವನು ನಾನು. ಆ ಬಾಲದ ಲೆಕ್ಕವನ್ನು ಬೆಕ್ಕಿನ ತಲೆಗೆ ಕಟ್ಟುವುದಿಲ್ಲ.

ಇನ್ನು ಕುಂಟ ನಾಯಿಗೆ ನನ್ನ ಉತ್ತರ. ಲಾರಿ ಬಂದು ನಿಂತ ಸಂಜೆಯೇ ಇದನ್ನು ನೀನು ಅದಕ್ಕೆ ಹೇಳು, ಯಾರು ಕೇಳಿಸಿಕೊಳ್ಳಬೇಕೋ ಅವರು ಕೇಳಿಸಿಕೊಳ್ಳುತ್ತಾರೆ. ಆಗುತ್ತದೆ. ನಿನ್ನೆ ಅಭ್ಯಾಸ ಮಾಡಿದೆ. ಸೂಜಿ ಚುಚ್ಚಿದ್ದರಿಂದ ಹಿಡಿದು ತೆಗೆಯುವವರೆಗೂ ಒಂದು ಅಕ್ಷರ ಆಡಲಿಲ್ಲ. ಮಾರ್ಗೋ ಎರಡು ಸಲ ಜ್ವರ ನೋಡಿದಳು, ಆಮೇಲೆ ಡಾಕ್ಟರನ್ನೇ ಕರೆದುಕೊಂಡು ಬಂದಳು. "ಏನಾಯ್ತು ಇವನಿಗೆ, ಸದ್ದೇ ಇಲ್ಲ" ಅಂತ ಇಬ್ಬರೂ ನನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಆಗಲೂ ಆಡಲಿಲ್ಲ. ಎಲ್ಲ ಕಳಚಿದ ಮೇಲೆ ಮಾರ್ಗೋಗೆ ವಿಷಯ ಹೇಳಿದೆ. ಅವಳು, "ಜೂನಲ್ಲೇ ಹೇಳೋದಲ್ವಾ, ಕುರ್ಚಿ ತಿರುಗಿಸ್ತಿದ್ದೆ" ಅಂದಳು. ಹೋಗಿ ತಾನೇ ಎರಡೂ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿಟ್ಟು ಬಂದಳು.

ಬರುವುದು ನಾಲ್ಕೇ ವಾರಕ್ಕೆ. ಸೆಕೆ ಶುರುವಾದರೆ ಲಾರಿ ಹಿಂತಿರುಗುತ್ತದೆ, ಅದರ ಜೊತೆ ನಾನೂ. ಅಲ್ಲಿ ಇರುವಷ್ಟು ದಿನವೂ ಹಗಲಿನ ಅರ್ಧ ಆ ಡಬ್ಬಿಯೊಳಗೇ ಕಳೆಯುತ್ತದೆ, ಬಾಗಿಲು ಮುಚ್ಚಿ, ಗೋಡೆ ನೋಡುತ್ತಾ. ಇರಲಿ. ಗೋಡೆಯ ಆಚೆ ವಾನಾಪಿ ಇರುತ್ತದೆ. ಬಯಲಿಗೆ ಕರೆದುಕೊಂಡು ಹೋಗು, ಕಪ್ಪಗೆ ಸುಟ್ಟ ಪಟ್ಟಿ ತೋರಿಸು. ಹೊಗೆ ಉಳಿಸಿಡಬೇಡ ನನಗೋಸ್ಕರ.

ಈ ಕಾಗದ ನಾಳೆ ಅಂಚೆ ವಿಮಾನದಲ್ಲಿ ಹೊರಟು ಮಧ್ಯಾಹ್ನಕ್ಕೆ ನಿನ್ನ ಕೈ ಸೇರುತ್ತದೆ. ನಾನು ಮಣ್ಣಿನ ರಸ್ತೆಯಲ್ಲಿ ಬರುವವನು, ನಾಳಿದ್ದು ಸಂಜೆಯಾಗುತ್ತದೆ. ಅಷ್ಟರಲ್ಲಿ ನೀನು ಹಚ್ಚಿ, ಆರಿಸಿ, ಕೈ ತೊಳೆದುಕೊಂಡಿರುತ್ತೀಯ.

ನಾಳೆ ಬೆಳಿಗ್ಗೆ, ಆಕೆ ಕಂಬಳಿ ಹೊದ್ದು ಡ್ರೈವರಿನ ಪಕ್ಕ ಕೂತು ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ, ನಾನು ಹಿಂಬಾಗಿಲಿನಿಂದ ಹತ್ತುತ್ತೇನೆ. ಗೋಡೆಗೆ ಮುಖ ಮಾಡಿ ಕೂರುತ್ತೇನೆ. ತುಟಿ ಬಿಗಿಯುತ್ತೇನೆ.

ಟೈಟಸ್